ಹೋಗುವ ದಾರಿಯ ಅಳತೆ ಎಲ್ಲಿ ಬರೆದಿದ್ದೀರಿ?

ದೂರಸಂಪರ್ಕ ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಬರೆಯುವುದು ನನ್ನ ಕಸುಬಲ್ಲ. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಪೈಪು ರೆಂಚು ಹಿಡಿದವನು ನಾನು. ಐವತ್ತೈದು ವರ್ಷದಲ್ಲಿ ನಾನು ಬರೆದದ್ದೆಂದರೆ ಇಲ್ಲಿ ಕೊರೆಯಿರಿ, ಇಲ್ಲಿ ಕೊರೆಯಬೇಡಿ ಎಂದು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಹಾಕಿದ ಗುರುತು ಮಾತ್ರ. ಇದನ್ನು ಬಾಯಲ್ಲೇ ಹೇಳೋಣ ಎಂದು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೂರು ಸಲವೂ ಗಾಜಿನ ಹಿಂದೆ ಕುಳಿತ ನಿಮ್ಮ ಗುಮಾಸ್ತೆ, ಗಾಜಿನಲ್ಲಿರುವ ತೂತಿಗೆ ಬಾಯಿ ತಾರದೆ, "ಬರೆದು ಕೊಡಿ" ಅಂದರು. ಬರೆದು ಕೊಟ್ಟರೆ, "ಇದು ಉದ್ದ ಆಯ್ತು, ಫಾರಂನಲ್ಲಿರೋ ಚೌಕದಷ್ಟೇ ಬರೀಬೇಕು" ಅಂದರು. ಆ ಚೌಕ ನನ್ನ ಅಂಗೈಯಷ್ಟೂ ಇಲ್ಲ. ಒಬ್ಬ ಹೆಂಗಸಿನ ಅರವತ್ತು ವರ್ಷವನ್ನು ಅದರಲ್ಲಿ ಹೇಗೆ ತುರುಕಲಿ ಎಂದು ಕೇಳಿದ್ದಕ್ಕೆ "ಮುಂದಿನವರು ಬನ್ನಿ" ಅಂದರು. ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ. ಪತ್ರಿಕೆಯವರು ನನ್ನ ಅಕ್ಷರ ತಿದ್ದಿಕೊಟ್ಟಿದ್ದಾರೆ. ಸಿಟ್ಟು ತಿದ್ದಬೇಡಿ ಎಂದು ಮೊದಲೇ ಹೇಳಿದ್ದೆ.

ನನ್ನ ದೂರು ಇಷ್ಟು. ನಿಮ್ಮ ಕಚೇರಿ ಲಿಖಿತವಾಗಿ ಕೊಟ್ಟ ಸಲಹೆಯಂತೆ ನಾನು ಮನೆಗೆ ಎರಡು ಇಂಟರ್ನೆಟ್ ಲೈನು ಹಾಕಿಸಿ, ಎರಡನ್ನೂ ಒಂದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಜೋಡಿಸಿದ್ದು ತಪ್ಪು ಮನೆಯಲ್ಲಿ. ತಪ್ಪು ಮನೆ ಎಂದು ನನಗೆ ಹೇಳಬೇಕಾಗಿದ್ದವರು ನೀವು. ಹೇಳಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ತಾಯಿಯನ್ನು ಕಳೆದುಕೊಂಡ ನನ್ನ ಹೆಂಡತಿ, ಅರವತ್ತಮೂರನೆಯ ವಯಸ್ಸಿನಲ್ಲಿ ಅದೇ ತಾಯಿಯನ್ನು ಇನ್ನೊಮ್ಮೆ ಕಳೆದುಕೊಂಡಳು.

ಇದರಲ್ಲಿ ಇಂಟರ್ನೆಟ್ಟಿಗೆ ಏನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಸಂಬಳ ತೆಗೆದುಕೊಳ್ಳುವ ಸಮಯದಲ್ಲಿ ಒಂದು ಹತ್ತು ನಿಮಿಷ ನನಗೂ ಕೊಡಿ.

ನನ್ನ ಹೆಂಡತಿ ಹುಟ್ಟಿನಿಂದ ಕಿವುಡಿ. ಅವಳಿಗಿಂತ ಆರು ವರ್ಷ ದೊಡ್ಡವಳಾದ ಅವಳ ಅಕ್ಕನೂ ಹಾಗೆಯೇ. ತಾಯಿಗೆ ಕಿವಿ ಕೇಳುತ್ತಿತ್ತು. ಆಕೆ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕಿದ್ದಳು. ಎರಡು ಮಕ್ಕಳ ಜೊತೆ ಆಕೆ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದಳಂತೆ. ಆಕೆ ಸತ್ತ ಮೇಲೆ ಇಬ್ಬರೂ ಕಿವುಡ ಮಕ್ಕಳ ಶಾಲೆಗೆ ಹೋದರು, ಅಲ್ಲಿಯ ಸನ್ನೆ ಕಲಿತರು. ಆದರೆ ಅಕ್ಕತಂಗಿಯರು ಒಬ್ಬರಿಗೊಬ್ಬರು ಮಾತಾಡುವುದು ಇವತ್ತಿಗೂ ಆ ಹಳೆಯ ಕೈಮಾತಿನಲ್ಲೇ. ಮದುವೆಯಾಗಿ ನಲವತ್ತೊಂದು ವರ್ಷ ಆದರೂ ನನಗೆ ಅದರಲ್ಲಿ ಅರ್ಧ ಮಾತ್ರ ಬರುತ್ತದೆ. ಊಟ, ಬಟ್ಟೆ, ಔಷಧ, ಬೈಗುಳ, ಇಷ್ಟು. ನನ್ನ ಹೆಸರಿಗೆ ಅವರಿಬ್ಬರದ್ದೂ ಒಂದು ಸನ್ನೆ ಇದೆ: ತಲೆಯ ಮೇಲೆ ಐದು ಬೆರಳು ಕುಣಿಸುವುದು. ಕುದಿಯುವ ಪಾತ್ರೆಯ ಮುಚ್ಚಳ ಎಂದು ಅರ್ಥ. ಮದುವೆಯಾದ ಮೂರನೇ ದಿನ ಅಕ್ಕನೇ ಇಟ್ಟ ಹೆಸರು ಅದು. ಇಲ್ಲಿಯತನಕ ಬದಲಾಯಿಸುವಂಥದ್ದು ನಾನೇನೂ ಮಾಡಿಲ್ಲ.

ತಾಯಿಯ ಒಂದು ಫೋಟೋ ಕೂಡ ಇಲ್ಲ. ನನ್ನ ಹೆಂಡತಿಗೆ ತಾಯಿಯ ಮುಖ ನೆನಪಿಲ್ಲ. ನೆನಪಿರುವುದು ಬಿಸಿ ಬಟ್ಟೆಯ ವಾಸನೆ ಒಂದೇ. ಈಗಲೂ ಅಂಗಿಯನ್ನು ಇಸ್ತ್ರಿ ಮಾಡಿ ಮುಗಿಸಿದ ಮೇಲೆ ಅದಕ್ಕೆ ಒಂದು ಗಳಿಗೆ ಮೂಗು ಇಟ್ಟು ನಿಲ್ಲುತ್ತಾಳೆ. ಯಾಕೆ ಎಂದು ನಾನು ಕೇಳಿದವನಲ್ಲ. ಕೆಲಸಕ್ಕೆ ಹೊತ್ತಾಯಿತು, ಅಂಗಿ ಕೊಡು ಅಂದವನು.

ಹೋದ ವರ್ಷ ಎರಡು ಸಂಗತಿ ಒಟ್ಟಿಗೆ ಆದವು. ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಳು. ಸ್ಕ್ರೂ ಹಾಕಿದ ಡಾಕ್ಟರು ಮೂರು ತಿಂಗಳು ಎಲ್ಲೂ ಪ್ರಯಾಣ ಮಾಡಕೂಡದು ಅಂದರು. ಅದೇ ಹೊತ್ತಿಗೆ ಎರಡು ದಿನದ ದಾರಿಯ ಇನ್ನೊಂದು ಊರಿನಲ್ಲಿ, ಮಗಳ ಮನೆಯಲ್ಲಿದ್ದ ಅಕ್ಕನಿಗೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅದು ಕೈಮೀರಿತ್ತು. ಇಬ್ಬರಿಗೂ ಏಳಲು ಆಗದ ಕಾಲ. ಉಳಿದದ್ದು ನಿಮ್ಮ ತಂತಿ ಒಂದೇ.

ನಾನೊಂದು ಪೈಪು ಕ್ಲ್ಯಾಂಪು ತಂದು ಟ್ಯಾಬ್ಲೆಟ್ಟನ್ನು ಹೆಂಡತಿಯ ಮಂಚದ ಕಂಬಕ್ಕೆ ಬಿಗಿದುಕೊಟ್ಟೆ. ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ಕರೆ. ಮೂರಕ್ಕೆ ಅಕ್ಕನಿಗೆ ನೋವಿನ ಮಾತ್ರೆ ಕೊಡುತ್ತಿದ್ದರು. ನಾಲ್ಕರಿಂದ ಐದರವರೆಗೆ ಆಕೆಯ ಕೈ ಆಡುತ್ತಿತ್ತು. ಉಳಿದ ಇಪ್ಪತ್ತಮೂರು ಗಂಟೆ ನಿದ್ದೆ, ಇಲ್ಲವೇ ನೋವು.

ಎರಡನೇ ವಾರವೋ ಮೂರನೇ ವಾರವೋ, ಅಕ್ಕ ಇದ್ದಕ್ಕಿದ್ದಂತೆ ತಾಯಿಯ ವಿಷಯ ತೆಗೆದಳು. ಕೈಮಾತು ಬಲ್ಲವರಿಗೆ ಗೊತ್ತು, ಅದರಲ್ಲಿ ಒಬ್ಬರ ಬಗ್ಗೆ ಹೇಳುವುದೆಂದರೆ ಅವರೇ ಆಗುವುದು. ಅಕ್ಕ ದಿಂಬಿಗೆ ಒರಗಿದ್ದವಳು ಬೆನ್ನು ನೇರ ಮಾಡಿದಳು. ಎಡಭುಜ ಸ್ವಲ್ಪ ಕೆಳಗೆ ಬಿಟ್ಟಳು. ಇಸ್ತ್ರಿಪೆಟ್ಟಿಗೆ ಎತ್ತಿ, ಕಾದಿದೆಯೇ ಎಂದು ನೋಡಲು ಕೆನ್ನೆಯ ಹತ್ತಿರ ತಂದು, ಒಂದು ಕಣ್ಣು ಮುಚ್ಚಿದಳು. ಹಣೆಯ ಮೇಲೆ ಬಿದ್ದ ಕೂದಲನ್ನು ಕೆಳತುಟಿ ಮುಂದೆ ಚಾಚಿ ಉಫ್ ಎಂದು ಊದಿದಳು. ಆಮೇಲೆ ಬಾಗಿಲ ಕಡೆ ತಿರುಗಿ, ಯಾರೋ ಸಣ್ಣ ಮಗು ಬಂದಿದೆ ಎನ್ನುವ ಹಾಗೆ ನೋಡಿ, ನಕ್ಕಳು.

ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಉಗುರು ಒಳಗೆ ಹೋಗುವಷ್ಟು. ಆ ಪರದೆಯ ಮೇಲೆ ಅವಳು ತಾಯಿಯನ್ನು ನೋಡುತ್ತಿದ್ದಳು ಸ್ವಾಮಿ. ಬುದ್ಧಿ ಬಂದ ಮೇಲೆ ಮೊದಲನೇ ಸಲ.

"ಇಷ್ಟು ದಿನ ಯಾಕೆ ತೋರಿಸಲಿಲ್ಲ?" ಎಂದು ಕೇಳಿದಳು. ಅವರ ಕೈಮಾತನ್ನು ನಾನು ನನ್ನ ಬಾಯಿಮಾತಿನಲ್ಲಿ ಬರೆಯುತ್ತಿದ್ದೇನೆ, ಅಷ್ಟಿಷ್ಟು ತಪ್ಪಿದ್ದರೆ ಕ್ಷಮಿಸಿ.

"ನೀನು ಕೇಳಲಿಲ್ಲ," ಅಂದಳು ಅಕ್ಕ. "ಕೇಳಿದ್ರೆ ನಾನು ಅಳ್ತೀನಿ ಅಂತ ನೀನು, ತೋರಿಸಿದ್ರೆ ನೀನು ಅಳ್ತೀಯ ಅಂತ ನಾನು. ಇಬ್ರೂ ದಡ್ಡರು."

ಅವತ್ತಿನಿಂದ ದಿನಕ್ಕೊಂದು ಚೂರು. ತಾಯಿ ನಡೆಯುವುದು, ತಾಯಿ ಲಾಂಡ್ರಿ ಯಜಮಾನನನ್ನು ಬೆನ್ನ ಹಿಂದೆ ಅಣಕಿಸುವುದು, ತಾಯಿ ಸೂಜಿಯ ದಾರವನ್ನು ಎಡಗಡೆ ಹಲ್ಲಿನಲ್ಲಿ ಕಚ್ಚುವುದು. ನಾಲ್ಕು ಗಂಟೆಯಾಗುವ ಮೊದಲೇ ನನ್ನ ಹೆಂಡತಿ ತಲೆ ಬಾಚಿಸಿಕೊಂಡು ಕೂರುತ್ತಿದ್ದಳು, ತಾಯಿಯ ಎದುರು ಕೆದರಿದ ತಲೆಯಲ್ಲಿ ಕೂರುವುದು ಹೇಗೆ ಎನ್ನುವವಳ ಹಾಗೆ. ಬಾಚುವವನು ನಾನು. ಚೆನ್ನಾಗಿ ಬಾಚಲು ಬರುತ್ತದೆ ಎಂದೇನೂ ಅಲ್ಲ.

ಆಗ ಚಿತ್ರ ಒಡೆಯಲು ಶುರುವಾಯಿತು. ಅಕ್ಕನ ಕೈ ಮೇಲೆತ್ತಿದ್ದು ಕಾಣುತ್ತಿತ್ತು, ಇಳಿಸಿದ್ದು ಕಾಣುತ್ತಿರಲಿಲ್ಲ. ನಡುವಿನ ಮಾತು ಮಾಯ. ಬೆರಳುಗಳ ಜಾಗದಲ್ಲಿ ಬಣ್ಣದ ಚೌಕಗಳು. ಒಮ್ಮೊಮ್ಮೆ ಅರ್ಧ ನಿಮಿಷ ನಿಂತುಬಿಡುತ್ತಿತ್ತು. ನಿಮ್ಮ ನನ್ನ ಮಾತಿನಲ್ಲಿ ಒಂದೆರಡು ಶಬ್ದ ಬಿಟ್ಟುಹೋದರೆ ಊಹಿಸಿಕೊಳ್ಳಬಹುದು. ಕೈಮಾತಿನಲ್ಲಿ ಬೆರಳು ಕಾಣದಿದ್ದರೆ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ. ಆದರೆ ನಿಲ್ಲಿಸು, ಇನ್ನೊಮ್ಮೆ ಹೇಳು ಎಂದರೆ ಅಕ್ಕ ಮೊದಲಿಂದ ಶುರು ಮಾಡಬೇಕು, ಇರುವ ಶಕ್ತಿ ಅದಕ್ಕೇ ಮುಗಿಯುತ್ತದೆ ಎಂದು ನನ್ನ ಹೆಂಡತಿ ಕೈ ಎತ್ತುತ್ತಿರಲಿಲ್ಲ. ಕಂಡವಳ ಹಾಗೆ ತಲೆಯಾಡಿಸುತ್ತ, ಚಿತ್ರ ಮತ್ತೆ ಅಲುಗುವುದನ್ನು ಕಾಯುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯಿದ್ದ ಹುಡುಗಿ ಬಹಳ ಮರ್ಯಾದಸ್ಥೆ.

"ಧ್ವನಿ ಸರಿಯಾಗಿ ಬರ್ತಿದ್ಯಾ ಸಾರ್?"

"ಧ್ವನಿ ಯಾರಿಗಮ್ಮ ಬೇಕು? ಚಿತ್ರ ಬರ್ತಿಲ್ಲ."

"ಧ್ವನಿ ಬರ್ತಿದ್ರೆ ಲೈನ್ ಸರಿಯಾಗಿದೆ ಸಾರ್."

"ಮಾತಾಡೋ ಇಬ್ರೂ ಕಿವುಡರು ಕಣಮ್ಮ."

"ಹಾಗಾದ್ರೆ ಅವರು ಮೆಸೇಜ್ ಮಾಡಬಹುದಲ್ವಾ ಸಾರ್?" ಅಂದಳು.

ನಾನು ಅವಳಿಗೆ ಏನು ಹೇಳಿದೆ ಎನ್ನುವುದನ್ನು ಪತ್ರಿಕೆಯವರು ಛಾಪಿಸಲಾರರು. ತಾಯಿ ಕೂದಲು ಊದಿದ್ದನ್ನು ಮೆಸೇಜಿನಲ್ಲಿ ಹೇಗೆ ಬರೆಯುತ್ತೀರಿ? ನಿಮ್ಮಲ್ಲಿ ದೊಡ್ಡ ದೊಡ್ಡ ಓದಿದವರಿದ್ದಾರೆ, ಯಾರಾದರೂ ಬರೆದು ತೋರಿಸಲಿ.

ಆಮೇಲೆ ನಿಮಗೆ ದೂರು ಕೊಟ್ಟೆ. ನಿಮ್ಮ ಫಾರಂನಲ್ಲಿ ದೂರು ಯಾವ ಬಗೆಯದು ಎಂದು ಗುರುತು ಹಾಕಬೇಕು. ಸಂಪರ್ಕವಿಲ್ಲ, ವೇಗ ಕಡಿಮೆ, ಬಿಲ್ಲಿನ ತಕರಾರು, ಸಿಬ್ಬಂದಿಯ ವರ್ತನೆ. ನಾಲ್ಕೇ. ವೇಗ ಕಡಿಮೆ ಎಂಬಲ್ಲಿ ಗುರುತು ಹಾಕಿದೆ. ಯಾವ ಕಡೆಯ ವೇಗ, ಬರುವುದೋ ಹೋಗುವುದೋ, ನಮ್ಮ ಮನೆಯದೋ ಅಕ್ಕನ ಮನೆಯದೋ, ಎಂದು ನಿಮ್ಮ ಫಾರಂ ಕೇಳಲಿಲ್ಲ. ವೇಗಕ್ಕೆ ಎರಡು ಕಡೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.

ಹದಿನೇಳು ದಿನದ ಮೇಲೆ ಉತ್ತರ ಬಂತು. ನಿಮ್ಮ ಮೊಹರಿನ ಪತ್ರ. ಅದರ ಮಾತು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ: "ತಮ್ಮ ನಿವಾಸದ ಸಂಪರ್ಕವನ್ನು ಪರಿಶೀಲಿಸಲಾಗಿ ನಿಗದಿತ ವೇಗ ಲಭ್ಯವಿರುವುದು ಕಂಡುಬಂದಿರುತ್ತದೆ. ಹೆಚ್ಚಿನ ವೇಗದ ಅವಶ್ಯಕತೆಯಿದ್ದಲ್ಲಿ ತಾವು ತಮ್ಮ ನಿವಾಸಕ್ಕೆ ಹೆಚ್ಚುವರಿ ಸಂಪರ್ಕವನ್ನು ಪಡೆದು, ಸೂಕ್ತ ಉಪಕರಣದ ಮೂಲಕ ಜೋಡಿಸಿಕೊಳ್ಳಬಹುದಾಗಿರುತ್ತದೆ." ಕೆಳಗೆ ದಪ್ಪಕ್ಷರದಲ್ಲಿ, ದೂರು ಮುಕ್ತಾಯ.

ಓದಿ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಇದು ನನ್ನ ಭಾಷೆ. ಒಂದು ಪೈಪು ಸಾಲದಿದ್ದರೆ ಎರಡು ಹಾಕು, ಎರಡನ್ನೂ ಸೇರಿಸು, ನೀರು ಬರುತ್ತದೆ. ಸಾವಿರ ಮನೆಗೆ ಮಾಡಿಕೊಟ್ಟಿದ್ದೇನೆ. ಇನ್ನೊಂದು ಕಂಪನಿಯ ಲೈನು ಹಾಕಿಸಿದೆ. ಎರಡು ತಂತಿ ಒಳಗೆ ಹೋಗಿ ಒಂದಾಗಿ ಹೊರಬರುವ ಪೆಟ್ಟಿಗೆ ತಂದೆ. ಜೋಡಿಸಲು ಬಂದವನು ಫೋನಿನಲ್ಲಿ ಅಳೆದು ತೋರಿಸಿದ. ಗಡಿಯಾರದಂಥ ಮುಳ್ಳು ಸರ್ರನೆ ಹತ್ತಿತು.

"ನೋಡಿ ಯಜಮಾನ್ರೇ, ಮೊದಲಿದ್ದುದರ ಡಬಲ್," ಅಂದ. "ಇನ್ನು ನಿಮ್ಮ ಮನೇಲಿ ಪಿಕ್ಚರ್ ನೀರಿನ ಥರ ಹರೀತದೆ."

ಮಂಚದ ಮೇಲಿದ್ದ ಹೆಂಡತಿ ನನ್ನ ಬೆನ್ನು ತಟ್ಟಿದಳು. ತಿರುಗಿದೆ.

"ಅಕ್ಕನಿಗೆ ನಾನು ಮೊದಲಿನಿಂದಲೂ ಚೆನ್ನಾಗೇ ಕಾಣ್ತೀನಂತೆ," ಅಂದಳು. "ಅಕ್ಕ ಮಾತ್ರ ನನಗೆ ಒಡೆದು ಕಾಣೋದು. ತೊಂದರೆ ಅಲ್ಲಿರಬಹುದು. ಅಲ್ಲಿ ನೋಡಿಸಿ."

"ನೀನು ಸುಮ್ನೆ ಇರು," ಅಂದೆ ನಾನು. "ಪೈಪಿನ ವಿಷಯ ನನಗೆ ಹೇಳ್ಕೊಡಬೇಡ."

ಅವಳು ತಲೆಯ ಮೇಲೆ ಐದು ಬೆರಳು ಕುಣಿಸಿ, ಗೋಡೆಯ ಕಡೆ ತಿರುಗಿದಳು.

ಮಾನ್ಯರೇ, ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ತೊಟ್ಟಿಯ ಬಾಯಿ ನೋಡಬೇಕು ಎಂದು ಕೆಲಸ ಕಲಿತ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು. ಐವತ್ತೈದು ವರ್ಷ ಅದನ್ನೇ ಮಾಡಿದೆ. ನನ್ನ ಮನೆಯಲ್ಲಿ, ನನ್ನ ಹೆಂಡತಿಗೆ ಬೇಕಾದಾಗ, ನಾನು ನಲ್ಲಿ ಬದಲಿಸುತ್ತ ಕೂತೆ. ಕಿವಿ ಕೇಳದವಳಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ. ನಿಮ್ಮ ಮೊಹರು ಇತ್ತಲ್ಲ, ಅದರ ಮೇಲೆ ನಂಬಿಕೆ ಇಟ್ಟಿದ್ದೆ.

ಒಂದು ವಾರ ಹಾಗೇ ಕಳೆಯಿತು. ಒಂದು ದಿನ ಚೆನ್ನಾಗಿ ಕಂಡರೆ ಎರಡು ದಿನ ಒಡೆಯುತ್ತಿತ್ತು. ಚೆನ್ನಾಗಿ ಕಂಡ ದಿನ ಎಲ್ಲ ನನ್ನ ಪೆಟ್ಟಿಗೆಯ ಮಹಿಮೆ ಎಂದುಕೊಂಡೆ.

ಆಮೇಲೆ ಆ ಗುರುವಾರ ಬಂತು. ಅಕ್ಕ ಬಹಳ ಇಳಿದುಹೋಗಿದ್ದಳು. ಮಗಳು ಫೋನನ್ನು ಮಂಚದ ಪಕ್ಕದ ಮೇಜಿನ ಮೇಲೆ ನೀರಿನ ಜಗ್ಗಿಗೆ ಒರಗಿಸಿಟ್ಟು, "ಚಿಕ್ಕಪ್ಪ, ಔಷಧಿ ಅಂಗಡಿಗೆ ಹೋಗಿ ಹತ್ತು ನಿಮಿಷಕ್ಕೆ ಬರ್ತೀನಿ, ನೀವು ಮಾತಾಡ್ತಿರಿ" ಎಂದು ಹೊರಗೆ ಹೋದಳು. ಅಕ್ಕ ತಂಗಿಯನ್ನು ಸುಮಾರು ಹೊತ್ತು ನೋಡಿದಳು. ಚಿತ್ರ ಚೆನ್ನಾಗಿತ್ತು. ಆಮೇಲೆ ಕೈ ಎತ್ತಿ ಕೇಳಿದಳು:

"ಅಮ್ಮ ನಿನ್ನನ್ನ ಹೇಗೆ ಕರೀತಿದ್ಲು ಗೊತ್ತಾ?"

ಕಿವಿ ಕೇಳದ ಮಗುವನ್ನು ಕೂಗಿ ಕರೆಯಲು ಆಗುವುದಿಲ್ಲ. ಪ್ರತಿ ಮನೆಯಲ್ಲೂ ಒಂದೊಂದು ಉಪಾಯ ಇರುತ್ತದೆ. ನಾನು ನನ್ನ ಹೆಂಡತಿಯನ್ನು ಕರೆಯುವುದು ದೀಪದ ಸ್ವಿಚ್ಚು ಎರಡು ಸಲ ಒತ್ತಿ. ತಾಯಿಯ ಉಪಾಯ ಏನಿತ್ತು, ಎಂಥ ಕರೆ ಅದು, ನನ್ನ ಹೆಂಡತಿಗೆ ಗೊತ್ತಿಲ್ಲ. ಗೊತ್ತಿರುವ ಜೀವ ಪ್ರಪಂಚದಲ್ಲಿ ಒಂದೇ ಇತ್ತು, ಅದು ಆ ಮಂಚದ ಮೇಲಿತ್ತು.

"ಗೊತ್ತಿಲ್ಲ," ಅಂದಳು ನನ್ನ ಹೆಂಡತಿ. "ತೋರಿಸು."

"ನನಗೆ ಒಂದು ಥರ ಇತ್ತು. ನಿನಗೆ ಬೇರೆ. ನಿನ್ನದು ನೋಡಿ ನನಗೆ ಹೊಟ್ಟೆಕಿಚ್ಚು ಆಗ್ತಿತ್ತು," ಎಂದು ಅಕ್ಕ ನಕ್ಕಳು. ಮೊಣಕೈ ಊರಿ ಎದ್ದು ಕೂತಳು. ಅಷ್ಟಕ್ಕೇ ಉಸಿರು ಸಿಕ್ಕಿಕೊಂಡಿತು. ಸುಧಾರಿಸಿಕೊಂಡು ಬೆನ್ನು ನೇರ ಮಾಡಿದಳು, ಎಡಭುಜ ಇಳಿಸಿದಳು, ತಾಯಿ ಆದಳು. ಬಲಗೈ ಪಕ್ಕಕ್ಕೆ ಚಾಚಿದಳು.

ಚಿತ್ರ ನಿಂತಿತು. ಆಮೇಲೆ ಅದೂ ಹೋಗಿ ಪರದೆ ಕಪ್ಪಾಯಿತು. ಅದರ ಮೇಲೆ ಒಂದು ಸಾಲು: ಧ್ವನಿಯ ಗುಣಮಟ್ಟ ಕಾಪಾಡಲು ವಿಡಿಯೋ ನಿಲ್ಲಿಸಲಾಗಿದೆ.

ಇನ್ನೊಂದು ಸಲ ಓದಿ. ಧ್ವನಿಯ ಗುಣಮಟ್ಟ ಕಾಪಾಡಲು. ಇಬ್ಬರು ಕಿವುಡರ ಮಾತಿನಲ್ಲಿ. ಎಂಥ ಕಾಳಜಿ.

ಧ್ವನಿ ಮಾತ್ರ ಬರುತ್ತಿತ್ತು, ಗುಣಮಟ್ಟ ಬಹಳ ಚೆನ್ನಾಗಿತ್ತು. ಏನೋ ಬಡಿದ ಸದ್ದು. ಮರದ ಮೇಲೆ ಅಂಗೈ ಬಡಿದ ಹಾಗೆ. ಒಂದು. ಆಮೇಲೆ ಇನ್ನೊಂದು. ಅದರ ಮುಂದೆಯೂ ಇತ್ತೋ ಏನೋ. ಅಕ್ಕ ಫೋನನ್ನು ಬೀಳಿಸಿಕೊಂಡಳು ಎಂದುಕೊಂಡೆ. ಹೆಂಡತಿ ಕಪ್ಪು ಪರದೆಗೆ ಕಣ್ಣು ನೆಟ್ಟು, ಎಂದಿನ ಹಾಗೆ ತಲೆಯಾಡಿಸುತ್ತ ಕಾಯುತ್ತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೆ ತಲೆಕೆಟ್ಟಿತು. "ಹಾಳಾದ ಲೈನು" ಎಂದು ಕೂಗಿ ಕರೆಯನ್ನೇ ಕತ್ತರಿಸಿದೆ, ಮತ್ತೆ ಮಾಡೋಣ ಎಂದು.

ಮತ್ತೆ ಮಾಡಿದೆ. ಆರು ಸಲ ಮಾಡಿದೆ. ಯಾರೂ ಎತ್ತಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಮಲಗಿದ ಕಿವುಡಿಗೆ ಫೋನು ಹೊಡೆದುಕೊಂಡದ್ದು ಹೇಗೆ ತಿಳಿಯಬೇಕು? ಸಂಜೆ ಮಗಳು ಮೆಸೇಜ್ ಕಳಿಸಿದಳು, ಅಮ್ಮ ಮಲಗಿದ್ದಾರೆ, ನಾಳೆ ಮಾಡಿ ಎಂದು. ಶುಕ್ರವಾರ ಅಕ್ಕ ಕಣ್ಣು ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಮಗಳು ಫೋನ್ ಮಾಡಿದಳು.

"ಅಮ್ಮ ಹೋಗ್ಬಿಟ್ರು ಚಿಕ್ಕಪ್ಪ."

ನಾನು ಏನೋ ಅಂದೆ. ಆಮೇಲೆ ಅವಳು ನನ್ನನ್ನು ಸಮಾಧಾನ ಮಾಡಲು ಹೇಳಿದಳು, ಪಾಪ: "ಚಿಕ್ಕಮ್ಮಂಗೆ ಹೇಳಿ, ಅಮ್ಮ ತುಂಬ ಸಂತೋಷವಾಗಿ ಮಲಗಿದ್ರು. ಗುರುವಾರ ನಾನು ಅಂಗಡಿಯಿಂದ ಬಂದಾಗ ಕೈ ಇನ್ನೂ ಮಂಚದ ಹಲಗೆ ಮೇಲಿತ್ತು. 'ಅಮ್ಮ ಕರೀತಿದ್ದ ಹಾಗೇ ಕರೆದೆ, ಅವಳು ನೋಡಿದ್ಲು, ತಲೆ ಆಡಿಸಿದ್ಲು, ಅತ್ಲು' ಅಂತ ನನಗೆ ಹೇಳಿದ್ರು. ಅದೇ ಅವರ ಕೊನೆ ಮಾತು."

"ನಿನಗೆ ತೋರಿಸಿದ್ಲಾ, ಹೇಗೆ ಕರೆದದ್ದು ಅಂತ?"

"ಇಲ್ಲ ಚಿಕ್ಕಪ್ಪ. ಯಾಕೆ? ಚಿಕ್ಕಮ್ಮ ನೋಡಿದ್ರಲ್ಲ?"

ಅರ್ಥವಾಯಿತೇ ಸ್ವಾಮಿ? ನಮ್ಮ ಕಡೆಯಿಂದ ಹೋಗುವ ಚಿತ್ರಕ್ಕೆ ಏನೂ ಕೊರತೆ ಇರಲಿಲ್ಲ. ತಂಗಿ ತಲೆಯಾಡಿಸಿದ್ದು, ಅತ್ತದ್ದು ಅಕ್ಕನಿಗೆ ಗೆರೆ ಕೊರೆದ ಹಾಗೆ ಕಂಡಿದೆ. ಏನೂ ಕಾಣದೆ ಕೂತವಳನ್ನು ನೋಡಿ, ಎಲ್ಲ ಕಂಡಳು ಎಂದು ನಂಬಿ, ಆಕೆ ಮಲಗಿದಳು. ಆ ಸದ್ದು ಫೋನು ಬಿದ್ದದ್ದಲ್ಲ. ಅದೇ ಕರೆ. ಹಲಗೆಗೆ ಅಂಗೈ ಬಡಿದರೆ ಕಿವುಡ ಮಗುವಿನ ಪಾದಕ್ಕೆ ಅದು ತಿಳಿಯುತ್ತದೆ. ಅದು ನಮ್ಮ ಕೋಣೆಗೆ ಬಂತು. ಆ ಕೋಣೆಯಲ್ಲಿ ಕೇಳಬಲ್ಲವನು ನಾನೊಬ್ಬ ಇದ್ದೆ. ನಾನು ಕತ್ತರಿಸಿದೆ.

ಆ ಪೆಟ್ಟಿಗೆಯನ್ನು ಎತ್ತಿಕೊಂಡು ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವವಳು ಮೂವತ್ತರ ಹೆಣ್ಣುಮಗಳು, ಯಾವಾಗಲೂ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾಳೆ. ಎಲ್ಲ ಕೇಳಿದ ಮೇಲೆ ಸ್ಕ್ರೂಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅಂಕಲ್, ಇದು ಕೆಟ್ಟಿಲ್ಲ. ಇದರ ಕೆಲಸ ಇದು ಮಾಡ್ತಿದೆ. ಆದ್ರೆ ಎರಡು ಲೈನ್ ಜೋಡಿಸಿದ್ರೂ ಒಂದು ಕರೆ ಹೋಗೋದು ಒಂದೇ ಲೈನಲ್ಲಿ. ಮನೇಲಿ ನಾಲ್ಕು ಜನ ನಾಲ್ಕು ಕೆಲಸ ಮಾಡಿದ್ರೆ ಹಂಚಿಕೊಡುತ್ತೆ. ನಿಮ್ಮದು ಒಂದೇ ಕರೆ."

"ಅಳೆದಾಗ ಡಬಲ್ ತೋರಿಸ್ತಲ್ಲಮ್ಮ?"

"ಆ ಅಳೆಯೋ ಆ್ಯಪ್ ಒಟ್ಟಿಗೆ ಹತ್ತು ಕಡೆಯಿಂದ ಎಳೆಯುತ್ತೆ, ಎರಡೂ ಲೈನ್ ತುಂಬುತ್ತೆ. ಅದಕ್ಕೆ." ಆಮೇಲೆ ಸ್ವಲ್ಪ ತಡೆದು, "ಅದೂ ಅಲ್ಲದೆ, ಚಿತ್ರ ನಿಂತದ್ದು ನಿಮ್ಮ ಮನೇಲಲ್ಲ. ಅಲ್ಲಿಂದ ಹೊರಡೋವಾಗಲೇ. ಅವರ ಪ್ಲಾನ್ ಯಾವುದು?"

ಹೇಳಿದೆ. ಆ ಕಂಪನಿಯ ಜಾಹೀರಾತು ನಿಮ್ಮ ಕಚೇರಿಯ ಎದುರಿನ ಗೋಡೆಯ ಮೇಲೇ ಇದೆ. ನೂರು ಎಂಬ ಅಂಕಿ ನನ್ನಷ್ಟು ಎತ್ತರ. ಆಕೆ ತನ್ನ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, ಇಪ್ಪತ್ತನಾಲ್ಕನೇ ಪುಟದ ಕೆಳಗೆ ಇರುವೆಯಂಥ ಅಕ್ಷರ ತೋರಿಸಿದಳು. ಮನೆಗೆ ಬರುವುದು ನೂರು. ಮನೆಯಿಂದ ಹೋಗುವುದು ಎರಡು. ಅದೂ ದಟ್ಟಣೆಯ ಹೊತ್ತಿನಲ್ಲಿ ಬದಲಾಗಬಹುದು. ನಾಲ್ಕು ಗಂಟೆಗೆ ಅಕ್ಕ ಇದ್ದ ಕಟ್ಟಡದ ಮಕ್ಕಳೆಲ್ಲ ಶಾಲೆಯಿಂದ ಬಂದು ಫೋನು ಹಿಡಿಯುತ್ತಾರೆ.

"ಇಲ್ಲಿ ಎರಡನೇ ಲೈನ್ ಬೇಕೇ ಇರಲಿಲ್ಲ ಅಂಕಲ್," ಅಂದಳು. "ಅಲ್ಲಿ ಹೋಗೋ ದಾರಿ ಅಗಲ ಇರೋ ಲೈನ್ ಒಂದು ಹಾಕ್ಸಿದ್ರೆ ಸಾಕಿತ್ತು. ಒಂದು ದಿನದ ಕೆಲಸ."

ಒಂದು ದಿನದ ಕೆಲಸ. ನಿಮ್ಮ ಪತ್ರಕ್ಕೆ ನಾನು ಕಾದದ್ದು ಹದಿನೇಳು ದಿನ.

ಈಗ ಕೇಳುತ್ತೇನೆ. ನನ್ನ ಕಸುಬಿನಲ್ಲಿ ಮನೆಗೆ ನೀರು ಬರುವ ಪೈಪಿನ ಅಳತೆ ಹೇಳಿ, ಹೊರಗೆ ಹೋಗುವ ಪೈಪಿನ ಅಳತೆ ಮುಚ್ಚಿಟ್ಟರೆ ಜನ ಕತ್ತಿನ ಪಟ್ಟಿ ಹಿಡಿಯುತ್ತಾರೆ, ಹಿಡಿಯಬೇಕು. ನಿಮ್ಮ ಕೈಕೆಳಗಿನ ಕಂಪನಿಗಳು ಒಂದೇ ಅಂಕಿಯನ್ನು ಗೋಡೆಯ ತುಂಬ ಬರೆದು, ಇನ್ನೊಂದನ್ನು ಇರುವೆ ಸಾಲಿನಲ್ಲಿ ಬಿಟ್ಟರೆ ನೀವು ಏನು ಹಿಡಿಯುತ್ತೀರಿ? ಜನರು ಇಂಟರ್ನೆಟ್ಟಿನಲ್ಲಿ ಬರಿಸಿಕೊಳ್ಳುವವರು ಮಾತ್ರ, ಕಳಿಸಲು ಅವರ ಹತ್ತಿರ ಏನೂ ಇಲ್ಲ ಎಂದು ತೀರ್ಮಾನಿಸಿದವರು ಯಾರು? ಆ ಮಂಚದ ಮೇಲೆ ಕೂತ ಮುದುಕಿಯ ಹತ್ತಿರ ಕಳಿಸಲು ಒಬ್ಬ ತಾಯಿಯೇ ಇದ್ದಳು. ಧ್ವನಿ ಬಂದರೆ ಲೈನು ಸರಿ ಎಂಬ ನಿಯಮ ಬರೆದಾಗ ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗಾದರೂ ಕಿವುಡರು ಎಂಬ ಜನ ಇದ್ದಾರೆ ಎಂದು ಹೊಳೆಯಲಿಲ್ಲವೇ? ನನ್ನ ಮನೆಯ ಸಂಪರ್ಕ "ಪರಿಶೀಲಿಸಲಾಗಿ" ಎಂದು ಬರೆದಿದ್ದೀರಲ್ಲ, ಪರಿಶೀಲಿಸಿದವರು ಯಾರು? ನಮ್ಮ ಮನೆಗೆ ಯಾರೂ ಬರಲಿಲ್ಲ. ಇನ್ನೊಂದು ಕಡೆ ಯಾರು, ಎಲ್ಲಿ, ಯಾವ ಲೈನು ಎಂದು ಯಾರೂ ಕೇಳಲಿಲ್ಲ. ಒಂದು ಕರೆಗೆ ಎರಡು ತುದಿ ಇರುತ್ತದೆ ಎನ್ನುವುದು ದೂರಸಂಪರ್ಕ ಕಚೇರಿಗೂ ನಾನೇ ಹೇಳಿಕೊಡಬೇಕೇ?

ಹೆಂಡತಿಗೆ ಎಲ್ಲ ಹೇಳಿದೆ. ನನಗೆ ಗೊತ್ತಿರುವ ಅರ್ಧ ಭಾಷೆಯಲ್ಲಿ, ಸಾಲದ ಕಡೆ ಕಾಗದದ ಮೇಲೆ ಬರೆದು. ಕರೆ ಕತ್ತರಿಸಿದ್ದು ಯಾಕೆ, ಆ ಸದ್ದು ಏನು, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ವಾಕರ್ ಹಿಡಿದು ಎದ್ದಳು. ಮೂಲೆಯಲ್ಲಿ ಮರದ ಹಲಗೆ ಹಾಸಿದ ಜಾಗ ಇದೆ, ನಾನು ಸಾಮಾನು ಇಡುವ ಕಟ್ಟೆ. ಅದರ ಮೇಲೆ ಬರಿಗಾಲಿನಲ್ಲಿ ನಿಂತು, "ಬಡಿ" ಎಂದಳು.

ನಾನು ಮೊಣಕಾಲೂರಿ ಹಲಗೆಗೆ ಅಂಗೈ ಬಡಿದೆ. ಒಂದು, ಎರಡು. ಕಣ್ಣು ಮುಚ್ಚಿ ನಿಂತಿದ್ದಳು. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಒಂದು, ತಡೆದು, ಎರಡು. ಇಲ್ಲ. ಒಂದು, ಎರಡು, ಮೂರು. ಇಲ್ಲ. ಮೆಲ್ಲಗೆ, ಜೋರಾಗಿ, ಬೆರಳಿನಿಂದ, ಮುಷ್ಟಿಯಿಂದ. ನನ್ನ ಕಿವಿಗೆ ಬಿದ್ದದ್ದು ಎರಡೇ ಸದ್ದು. ನಡುವೆ ಎಷ್ಟು ತಡ, ಆಮೇಲೆ ಎಷ್ಟು, ದೇವರಾಣೆ ನೆನಪಿಲ್ಲ. ಒಂದೊಂದಕ್ಕೂ ಅವಳು ಪಾದದಿಂದ ಹುಡುಕುತ್ತಿದ್ದಳು, ಮೂರು ವರ್ಷದ ಪಾದಕ್ಕೆ ಗೊತ್ತಿದ್ದದ್ದು ಅರವತ್ತಮೂರರ ಪಾದಕ್ಕೆ ನೆನಪಾಗುತ್ತದೋ ಎಂದು. ನನ್ನ ಅಂಗೈ ಕೆಂಪಾದ ಮೇಲೆ ಬಾಗಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅಕ್ಕ ನಾನು ನೋಡಿದೆ ಅಂದ್ಕೊಂಡು ಹೋದ್ಲಲ್ಲ. ಸಾಕು ಬಿಡಿ," ಅಂದಳು.

ಅವಳಿಗೆ ಸಾಕು. ನನಗೆ ಸಾಲದು.

ಕರೆ ಕತ್ತರಿಸಿದ ತಪ್ಪು ನನ್ನದು. ಹೆಂಡತಿಯ ಮಾತು ಕೇಳದ ತಪ್ಪು ನನ್ನದು. ನಲವತ್ತೊಂದು ವರ್ಷದಲ್ಲಿ ಅವಳ ಭಾಷೆಯನ್ನು ಪೂರ್ತಿ ಕಲಿಯದ ತಪ್ಪು ಎಲ್ಲಕ್ಕಿಂತ ದೊಡ್ಡದು, ಅದೂ ನನ್ನದು. ನನ್ನ ಪಾಲನ್ನು ನಾನು ಊರಿಗೆಲ್ಲ ಕಾಣುವ ಹಾಗೆ ಇಲ್ಲಿ ಬರೆದಿದ್ದೇನೆ. ನಿಮ್ಮ ಪಾಲು ಎಷ್ಟು ಎಂದು ನೀವು ಬರೆಯಬೇಕು. ಪರಿಹಾರದ ಹಣ ಎಂದು ಯಾವ ಕಾಗದವನ್ನೂ ಕಳಿಸಬೇಡಿ, ಹರಿದು ಹಾಕುತ್ತೇನೆ. ವಿಷಾದಿಸುತ್ತೇವೆ ಎಂದೂ ಬರೆಯಬೇಡಿ, ಆ ಶಬ್ದವನ್ನು ನಿಮ್ಮ ಯಂತ್ರ ತಾನಾಗಿಯೇ ಛಾಪಿಸುತ್ತದೆ ಎಂದು ನನಗೆ ಗೊತ್ತು.

ನನಗೆ ಬೇಕಾದದ್ದು ಇದು. ಬರುವ ವೇಗವನ್ನು ಯಾವ ಅಳತೆಯ ಅಕ್ಷರದಲ್ಲಿ ಬರೆಯುತ್ತಾರೋ, ಹೋಗುವ ವೇಗವನ್ನೂ ಅದೇ ಅಳತೆಯ ಅಕ್ಷರದಲ್ಲಿ, ಅದೇ ಸಾಲಿನಲ್ಲಿ ಬರೆಯಬೇಕು ಎಂದು ಕಂಪನಿಗಳಿಗೆ ಆದೇಶ ಮಾಡುತ್ತೀರೋ ಇಲ್ಲವೋ. ನಿಮ್ಮ ಫಾರಂಗೆ ಐದನೆಯದಾಗಿ, ಚಿತ್ರ ಒಡೆಯುತ್ತಿದೆ, ಇದು ಕೈಮಾತಿನ ಕರೆ, ಎಂಬ ಸಾಲು ಸೇರಿಸುತ್ತೀರೋ ಇಲ್ಲವೋ. ಎರಡು ಲೈನು ಜೋಡಿಸಿಕೊಳ್ಳಿ ಎಂಬ ಸಲಹೆಯನ್ನು, ಇನ್ನೊಂದು ತುದಿಯನ್ನು ಕೇಳದೆ, ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಎಂದು ಬರೆದು ಕೊಡುತ್ತೀರೋ ಇಲ್ಲವೋ. ಮತ್ತು ನನ್ನ ದೂರನ್ನು ಪರಿಶೀಲಿಸಿದೆ ಎಂದು ಸಹಿ ಹಾಕಿದವರು ಅವತ್ತು ನಿಜವಾಗಿ ಏನನ್ನು ನೋಡಿದರು.

ಬರುವ ತಿಂಗಳ ಇಪ್ಪತ್ತನೇ ತಾರೀಖು ಸಂಜೆ ಐದು ಗಂಟೆಯೊಳಗೆ ಉತ್ತರ ಬೇಕು. ಕಾಗದದ ಮೇಲೆ, ಓದುವ ಹಾಗೆ, ನಿಮ್ಮದೇ ಸಹಿ ಇರುವ ಉತ್ತರ.

ಇಂತಿ,
ನಲ್ಲಿ ಕೆಲಸದ ಮುದುಕ,
ಎರಡೂ ಕಿವಿ ಚೆನ್ನಾಗಿ ಕೇಳಿಸುವವನು